ಎಡಮೂಲೆಯ ಬಟನ್

ಓದಿದನೋ, ಇಲ್ಲವೋ?

ಓದದೆ ಹೇಗಿದ್ದಾನು... ಕೋಡ್ ಬರೆದವನೇ ಅವನು! ಓದಿಯೂ ಸುಮ್ಮನಿದ್ದನೆ? ಇಲ್ಲ, ನಕ್ಕು, ಊರೆಲ್ಲ ನೋಡಲಿ ಎಂದು ಬಿಟ್ಟನೆ?

ಗೋಕಾಕದಿಂದ ಘಟಪ್ರಭಾಕ್ಕೆ ಹೊರಟ ಬಸ್ಸಿನಲ್ಲಿ, ಪೇಪರಿನಲ್ಲಿ ಸುತ್ತಿದ ಕೀಬೋರ್ಡನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಕಸ್ತೂರಿಗೆ ಮುಂದೆ ಯೋಚಿಸಲಾಗಲಿಲ್ಲ. ಇಂದು ಇದನ್ನು ಅವನ ಮುಂದೆ ಒಗೆದು ಬರುವುದೇ ಸೈ!

ಬೆಳಿಗ್ಗೆ ಮೂಡಲಗಿಯಿಂದ ಕೇದಾರಿ ಕಾಕಾನ ಫೋನು ಬಂದಿತ್ತು. ಅವನದೂ ಅವಳಂತೆಯೇ ಅರ್ಜಿ ಟೈಪು ಮಾಡಿಕೊಡುವ ಅಂಗಡಿ.

“ಯವ್ವಾ ಕಸ್ತೂರಿ, ಹೊಸಾ ಕೋಡ್ ಹಾಕ್ಕೊಂಡೆ. ನೀ ಮಾಡಿದ ವಾಟ್ನಿ ಅರ್ಜಿ ಬಟನ್ ಭಾರಿ ಐತಿ. ಆದ್ರ ಎಡಮೂಲಿ ಬಟನ್ ಒತ್ತಿದ್ರ ಏನೇನೋ ಬರಾಕತ್ತೈತಲ್ಲ!”

“ಏನ್ ಬರ್ತೈತ್ರಿ ಕಾಕಾ?”

“‘ದುಂಡೇಶ, ನೀವು ಬಂದ ದಿನ ಅಂಗಡಿ ಮುಚ್ಚಲು ಮನಸ್ಸಾಗುವುದಿಲ್ಲ.’ ತಹಸೀಲ್ದಾರ ಸಾಹೇಬ್ರಿಗೆ ಕೊಡೂ ಅರ್ಜಿ ಕೆಳಗ ಬಂದೈತಿ! ಸಹಿ ಮಾಡಾಕ ಕುಂತ ಮುದುಕ, ‘ಈ ದುಂಡೇಶನೂ ನಮ್ಮ ಹೊಲಕ್ಕ ಪಾಲುದಾರ ಏನ್ರಿ’ ಅಂತ ಗಾಬರಿ ಆಗ್ಯಾನ!”

ಕಾಕಾ ಬಿದ್ದು ಬಿದ್ದು ನಕ್ಕಿದ್ದ. ಕಸ್ತೂರಿಗೆ ಕಿವಿಯವರೆಗೂ ಬೆಂಕಿ ಹತ್ತಿತ್ತು.

ದುಂಡೇಶ ದಡ್ಡಿ ಎಂಬ ಹಳ್ಳಿಯವನು. ಮನೆಯವರಿಗೆ ಇಂದಿಗೂ ಕುರಿಯೇ ಬದುಕು. ಇವನು ಘಟಪ್ರಭಾ ಸ್ಟೇಷನ್ ಹತ್ತಿರ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದ. ವರ್ಷದ ಹಿಂದೆ ಅವಳ ಅಂಗಡಿಗೆ ಬಂದು, ತಾನೇ ಕೂತು ಜೋಡಿಸಿದ ಒಂದು ಕೀಬೋರ್ಡನ್ನು ಮೇಜಿನ ಮೇಲಿಟ್ಟಿದ್ದ.

“ನಿಮ್ಮ ಮಣಿಕಟ್ಟಿನ ಪಟ್ಟಿ ನೋಡಿದ್ದೆ... ಇದರಾಗ ಟೈಪ್ ಕಮ್ಮಿ,” ಎಂದಿದ್ದ. ಅಷ್ಟೇ.

ಎಡಗಡೆ ಎಂಟು ಹೆಚ್ಚಿನ ಬಟನ್ ಇದ್ದವು. ಒಂದನ್ನು ಒತ್ತಿದರೆ ಅರ್ಜಿಯ ಇಡೀ ಒಕ್ಕಣೆ ತಾನಾಗಿ ಮೂಡುತ್ತಿತ್ತು. ಯಾವ ಬಟನ್ ಏನು ಬರೆಯಬೇಕೆಂಬ ಕೋಡನ್ನು ಅವನು ಎಲ್ಲರಿಗೂ ತೆರೆದ ಒಂದು ಪುಟದಲ್ಲಿಟ್ಟಿದ್ದ. ಇಂಥದೇ ಕೀಬೋರ್ಡ್ ಬಳಸುವ ಗೋಕಾಕದ ಕಸ್ತೂರಿ, ಮೂಡಲಗಿಯ ಕೇದಾರಿ, ಹುಕ್ಕೇರಿಯ ಸುಮನ್, ಯಾರು ಹೊಸ ಬಟನ್ ಮಾಡಿದರೂ ಅಲ್ಲಿಗೆ ಕಳಿಸಬೇಕು, ಉಳಿದವರು ಇಳಿಸಿಕೊಳ್ಳಬೇಕು. ಕಳಿಸುವುದನ್ನು ಕಸ್ತೂರಿಗೂ ಕಲಿಸಿದ್ದ. ನಿನ್ನೆ, ಗುರುವಾರ, ಆಸ್ತಿ ಪಾಲಿನ ವಾಟ್ನಿ ಅರ್ಜಿಯ ಬಟನ್ ಅವಳೇ ಮಾಡಿ, ಅವಳೇ ಕಳಿಸಿ ಹಿಗ್ಗಿದ್ದಳು.

ಎಡಮೂಲೆಯ ಬಟನ್ ಮಾತ್ರ ಅವಳ ಸ್ವಂತದ್ದು. ಅಂಗಡಿ ಮುಚ್ಚುವ ಮುನ್ನ ಒಮ್ಮೆ ಒತ್ತಿ, ಮೂಡಿದ ಸಾಲನ್ನು ಓದಿ, ಅಳಿಸಿಬಿಡುತ್ತಿದ್ದಳು. ಬಾಯಿ ಆಡದ ಮಾತನ್ನು ಬೆರಳಾದರೂ ಆಡಲಿ ಎಂದು...

ವಾರವಾರವೂ ಬರುವಂತೆ ಹೋದ ಸೋಮವಾರ ಕೀಬೋರ್ಡ್ ನೋಡಲು ಬಂದಾಗ ಅವನು ಅವಳ ಕಂಪ್ಯೂಟರಿನ ಕೋಡನ್ನೆಲ್ಲ ಪೆನ್ ಡ್ರೈವಿಗೆ ತೆಗೆದುಕೊಂಡಿದ್ದ. ಆಗಲೇ ಹೋಗಿರಬೇಕು ಈ ಸಾಲು. ಇನ್ನೇನು!

ಘಟಪ್ರಭಾದ ಅಂಗಡಿಯಲ್ಲಿ ದುಂಡೇಶ ಒಬ್ಬನೇ ಇದ್ದ. ಅವಳನ್ನು ಕಂಡದ್ದೇ ಎದ್ದು ನಿಂತ.

“ಬರ್ರಿ... ಕುಂದರ್ರಿ.”

“ಕುಂದರಾಕ ಬಂದಿಲ್ಲ! ತಗೋರಿ ನಿಮ್ಮ ಕೀಬೋರ್ಡ್. ನಂದು ಅಂತ ಇದ್ದದ್ದು ಒಂದ ಸಾಲು. ಅದನ್ನೂ ಮಂದಿ ಮುಂದ ಇಟ್ರಿ!”

“ಕೇದಾರಿ ಕಾಕಾ ಫೋನ್ ಮಾಡಿದ್ರು...”

“ಅಂದ್ರ ಓದೀರಿ?”

“ಹೂಂ.”

“ಓದಿ?”

ಅವನು ತಲೆ ತಗ್ಗಿಸಿದ. ಅವನ ಮುಂದೆ ಆ ತೆರೆದ ಪುಟವೇ ಇತ್ತು. ಯಾರು, ಯಾವಾಗ, ಏನು ಕಳಿಸಿದರೆಂಬ ಉದ್ದನೆಯ ಪಟ್ಟಿ. ಅವಳು ಆ ಕಡೆ ತಿರುಗುವಷ್ಟರಲ್ಲಿ ಅವನು ಪರದೆಯನ್ನು ಆರಿಸಿದ.

ಈ ಮೌನ! ಕಸ್ತೂರಿಗೆ ಗೋಡೆಗೆ ಹಣೆ ಚಚ್ಚಿಕೊಂಡಂತಾಯಿತು.

“ಕುರಿ ಹಿಂದ ಅಡ್ಡಾಡಿ ಅಡ್ಡಾಡಿ ಮನುಷ್ಯಾರ ಜೋಡಿ ಮಾತಾಡೂದ ಮರತೀರೇನು? ಯಾರ ತಪ್ಪಿದು? ಅಷ್ಟರೆ ಹೇಳ್ರಿ!”

ಅವನು ಒಂದು ಗಳಿಗೆ ಆರಿದ ಪರದೆಯನ್ನೇ ನೋಡಿದ.

“ನಂದ,” ಎಂದ.

ಜಗಳವಾಡಿದ್ದರೂ ಸಹಿಸಬಹುದಿತ್ತು. ಕೀಬೋರ್ಡನ್ನು ಅಲ್ಲೇ ಇಟ್ಟು ಅವಳು ಹೊರಬಂದಳು. ತಿರುಗಿ ನೋಡಲಿಲ್ಲ.

ಹಳೆಯ ಕೀಬೋರ್ಡಿನಲ್ಲಿ ಕೆಲಸ ಆಮೆಯಂತೆ ಸಾಗಿತು. ಮಣಿಕಟ್ಟು ಮತ್ತೆ ಬಾತಿತು.

“ಎಷ್ಟೊತ್ತ ಯವ್ವಾ? ಬಸ್ ಹೊಂಡತೈತಿ,” ಎಂದು ಅಂಕಲಗಿಯ ಲಗಮವ್ವ ಬಾಗಿಲಲ್ಲೇ ಗೊಣಗಿದಳು. “ಮೊದ್ಲ ಪಟ್ನ ಮಾಡಿ ಕೊಡ್ತಿದ್ದಿ. ಕೈಗೇನ ದೃಷ್ಟಿ ಆತೇನ?”

ಒಂದು ಫೋನಿಲ್ಲ... ಒಂದು ಮೆಸೇಜಿಲ್ಲ... ಸೋಮವಾರ ಬಂತು. ಅವನು ಬರಲಿಲ್ಲ. ಬರಬೇಡ ಎಂದು ತಾನೇ ಬಯಸಿದ್ದು? ಮತ್ತೆ ಬಾಗಿಲ ಕಡೆಗೇ ಯಾಕೆ ಕಣ್ಣು? ತನ್ನ ಮೇಲೇ ಅವಳಿಗೆ ರೇಗಿತು.

ಮಂಗಳವಾರ ಕೇದಾರಿ ಕಾಕಾ ಮತ್ತೆ ಫೋನ್ ಮಾಡಿದ.

“ಯವ್ವಾ, ಆ ಹುಡುಗ ಪುಟದಾಗಿಂದ ಆ ಸಾಲು ತಗದಾನ. ಬರೇ ತಗದ್ರ ಹಳೇ ದಾಖಲೆದಾಗ ಉಳೀತೈತಂತ, ಅದನ್ನೂ ಅಳಿಸಿ ಹೊಸದಾಗಿ ಕಟ್ಯಾನ. ಹುಕ್ಕೇರಿಗಿ ಗಾಡಿ ತಗೊಂಡು ಹೋಗಿ ಸುಮನ್ ಕೀಬೋರ್ಡ್ ಸ್ವಚ್ಛ ಮಾಡಿದ. ನನ್ನ ಕಡೆನೂ ಬಂದಿದ್ದ. ಊಟ ಮಾಡು ಅಂದ್ರ ಮಾಡ್ಲಿಲ್ಲ. ಮಾರಿ ನೋಡಾಕ ಆಗೂದಿಲ್ಲ.”

ಬುಧವಾರ ಮಧ್ಯಾಹ್ನ ದುಂಡೇಶ ಬಂದ. ಮಾತಿಲ್ಲದೆ ಹಳೆಯ ಕೀಬೋರ್ಡ್ ಬಿಚ್ಚಿ, ಅವಳದನ್ನು ಜೋಡಿಸಿದ.

“ಈಗ ಎರಡು ಫೈಲ್ ಅದಾವ. ಎಲ್ಲಾರದು ಒಂದು, ನಿಮ್ಮದ ಒಂದು. ನಿಮ್ಮ ಫೈಲಿನ ಹೆಸರು ‘ಕಳಿಸಬ್ಯಾಡ’ ಅನ್ನೂ ಪಟ್ಟಿಗಿ ಹಾಕೇನಿ. ಇನ್ನ ಮ್ಯಾಲೆ ಎಲ್ಲಾ ಒಮ್ಮೆಲೆ ಕಳಿಸಿದ್ರೂ, ಅದು ಈ ಕಂಪ್ಯೂಟರ್ ಬಿಟ್ಟು ಹೋಗೂದಿಲ್ಲ.”

“ಮತ್ತ ಬಟನ್ ಹೆಂಗ ನಡೀತೈತಿ?”

“ದೊಡ್ಡ ಫೈಲಿಗಿ ಹೇಳೇನಿ. ಬಾಜೂಕ ಖಾಸಗಿ ಫೈಲ್ ಇದ್ರ ಕೂಡಿಸ್ಕೊ, ಇಲ್ಲಂದ್ರ ಏನೂ ಕೇಳದ ಮುಂದ ಹೋಗು ಅಂತ.”

“ನಿಮ್ಮಂಗ ಐತಿ ಬಿಡ್ರಿ. ಏನೂ ಕೇಳೂದಿಲ್ಲ!”

ಅವಳ ದನಿಯಲ್ಲಿ ಸಿಟ್ಟು ಎಲ್ಲಿ ಮುಗಿದು ಅಳು ಎಲ್ಲಿ ಶುರುವಾಯಿತೋ. ಎಡಮೂಲೆಯ ಬಟನ್ ಒತ್ತಿದಳು. ಅದೇ ಸಾಲು ಮೂಡಿತು.

“ಇದನ್ನ ಅಳಿಸಿಲ್ಲ?”

“ನಿಮ್ಮದು. ನಾ ಯಾಕ ಅಳಿಸ್ಲಿ?”

“ಕುರಿ ಮಾತು... ಸಿಟ್ಟಿನಾಗ ಅಂದೆ.”

“ಖರೆನ ಅಂದ್ರಿ. ಆದ್ರ ಕುರಿಗೋಳ ಜೋಡಿ ನಾ ಭಾಳ ಮಾತಾಡ್ತೇನಿ.”

ಅವಳು ಅಳುತ್ತಲೇ ನಕ್ಕುಬಿಟ್ಟಳು!

“ಕಸ್ತೂರಿ... ವರ್ಷ ಆತು, ಸೋಮವಾರಕ್ಕೊಮ್ಮೆ ಕೀಬೋರ್ಡ್ ನೋಡಾಕ ಬರ್ತಿದ್ನೆಲ್ಲ? ಅದು ಒಂದ ದಿನಾನೂ ಕೆಟ್ಟಿದ್ದಿಲ್ಲ.”

ಪರದೆಯ ಮೇಲಿನ ಸಾಲನ್ನು ಇಂದು ಅವಳು ಅಳಿಸಲಿಲ್ಲ.

“ಅಂಗಡಿ ಎಷ್ಟಕ್ಕ ಮುಚ್ತೀರಿ?” ಅವನು ಕೇಳಿದ.

“ಆರಕ್ಕ... ಮನಸ್ಸಾದ್ರ.”

“ಅಲ್ಲೀ ತನಕ ಕುಂದರ್ಲ್ಯಾ?”

“ಕುಂದರ್ರಿ. ಆದ್ರ ಒಂದ ಸಲ ತಪ್ಪ ಮಾಡೀರಿ. ಇನ್ನೊಮ್ಮೆ ಮಾಡಿದ್ರ ಬಿಡೂದಿಲ್ಲ, ನೋಡ್ರಿ!”

“ಮಾಡೂದಿಲ್ರಿ,” ಎಂದು ದುಂಡೇಶ ನಕ್ಕ.

ಆ ಗುರುವಾರ ವಾಟ್ನಿ ಅರ್ಜಿಯ ಬಟನ್ ಜೊತೆಗೆ ಆ ಸಾಲನ್ನೂ ಕಳಿಸಿದ್ದು ಕಸ್ತೂರಿಯ ಕೈಯೇ ಎಂದು, ತಾನು ಅಳಿಸಿದ ದಾಖಲೆಯಲ್ಲಿ ಅವಳ ಹೆಸರೇ ಇತ್ತೆಂದು, ಅವನು ಅವಳಿಗೆ ಎಂದೂ ಹೇಳಲಿಲ್ಲ.