ತಾಳಿ ಕಟ್ಟಿದ ಕೈ

"ತಾಳಿ ಕಟ್ಟಾಕ ಗಂಡಿನ ಕೈ ಬೇಕಲ್ಲ!" ಎಂದು ಮದುವೆ ಮಾಡಿಸುವ ಅಯ್ಯನವರು ತಾಳಿಯ ತಟ್ಟೆ ಹಿಡಿದು ನಿಂತುಬಿಟ್ಟರು. ಹಂದರದಲ್ಲಿದ್ದವರೆಲ್ಲ ಮೊದಲು ಮದುಮಗ ವೀರಪ್ಪನ ಜೋತುಬಿದ್ದ ಅಂಗಿತೋಳುಗಳನ್ನು ನೋಡಿದರು. ಆಮೇಲೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವನ ಮೊದಲ ಹೆಂಡತಿ ಶಿವವ್ವನನ್ನು ನೋಡಿದರು.

ಕಬ್ಬಿನ ಗಾಣದಲ್ಲಿ ವೀರಪ್ಪನ ಒಂದು ಕೈ ಸಿಕ್ಕಿ, ಅದನ್ನು ಬಿಡಿಸಲು ಹೋಗಿ ಇನ್ನೊಂದೂ ಹೋಗಿತ್ತು. ಘಟಪ್ರಭಾದ ದವಾಖಾನೆಯವರು ಜೀವ ಉಳಿಸಿ ಮೂಡಲಗಿಯ ಮನೆಗೆ ಕಳಿಸಿದರು. ಉಳಿದ ಜೀವವನ್ನು ಕಾದವಳು ಶಿವವ್ವ. ಜಳಕ ಮಾಡಿಸುವುದು, ಧೋತರ ಉಡಿಸುವುದು, ತುತ್ತು ಇಡುವುದು, ಬಾಯಿಬಿಟ್ಟು ಹೇಳಲಾಗದ ಕೆಲಸಗಳು… ಎಲ್ಲವೂ ಅವಳವೇ! ಲಿಂಗಪೂಜೆಯಾಗದೆ ವೀರಪ್ಪ ಅನ್ನ ಮುಟ್ಟುವವನಲ್ಲ. ಅಂಗೈಯೇ ಇಲ್ಲದವನು ಲಿಂಗವನ್ನು ಎಲ್ಲಿ ಹಿಡಿದಾನು? ಆಗ ಇದೇ ಅಯ್ಯನವರು, "ಇನ್ನ ಮ್ಯಾಲ ನಿನ್ನ ಕೈನ ಅವನ ಕೈ, ತಂಗಿ" ಎಂದಿದ್ದರು. ಅಂದಿನಿಂದ ಅವಳು ಗಂಡನ ಲಿಂಗವನ್ನು ತನ್ನ ಎಡಗೈಯಲ್ಲಿಟ್ಟುಕೊಂಡು ದಿನಾಲೂ ಅವನ ಕಣ್ಣೆದುರು ಕೂಡುತ್ತಿದ್ದಳು.

ಆದರೆ ಮಡಿಲು ತುಂಬಲಿಲ್ಲ. ಅತ್ತೆ ಯಮನವ್ವನಿಗೆ ಅಷ್ಟೇ ಸಾಕಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಹೆಂಗಸು ಅವಳು! ಅಂಕಲಗಿಯ ಬಡವರ ಹುಡುಗಿ ಗೌರವ್ವನನ್ನು ಹುಡುಕಿ ತಂದು ಹಸೆಯ ಮೇಲೆ ಕೂರಿಸಿದಳು.

"ಎಲ್ಲಾದಕ್ಕೂ ನೀನ ಅವನ ಕೈ ಆಗೀದಿ, ಇದಕ್ಕೂ ಆಗು," ಎಂದಳು ಯಮನವ್ವ. "ನನ್ನ ಮಗನ ವಂಶ ಅಳಿಸಬ್ಯಾಡ."

ಶಿವವ್ವ ಗಂಡನ ಮುಂದೆ ಬಂದು ನಿಂತಳು. "ಏನ್ರಿ… ನೀವು ಹೇಳ್ರಿ. ನೀವು ಒಲ್ಲೆ ಅಂದ್ರ ಈ ಕೈ ಮ್ಯಾಲ ಏಳೂದಿಲ್ಲ."

ಒಂದು ಮಾತು! ಒಂದೇ ಒಂದು ಮಾತಿಗಾಗಿ ಅವಳ ಜೀವ ಬಾಯಿಗೆ ಬಂದಿತ್ತು. ವೀರಪ್ಪ ತಾಯಿಯ ಮುಖ ನೋಡಿದ, ಬೀಗರ ಮುಖ ನೋಡಿದ, ಕಡೆಗೆ ನೆಲ ನೋಡಿದ.

"ಅವ್ವ ಹೇಳಿದ್ಹಂಗ… ಕಟ್ಟಿಬಿಡು," ಎಂದ.

ಅಳು ಬರಬೇಕಿತ್ತು, ಬರಲಿಲ್ಲ. ಶಿವವ್ವ ತಾಳಿ ಎತ್ತಿಕೊಂಡು, ಹುಡುಗಿಯ ಕೊರಳಿಗೆ ಕಟ್ಟಿದಳು. ದಾರ ಒತ್ತದಿರಲೆಂದು ಗಂಟನ್ನು ತುಸು ಸಡಿಲವಾಗಿಯೇ ಹಾಕಿದಳು. ಜನ ಎಸೆದ ಅಕ್ಕಿಕಾಳು ಅವಳ ತಲೆಯ ಮೇಲೂ ಬಿದ್ದವು.

ಊಟದ ಹೊತ್ತಿಗೆ ಗೌರವ್ವ ಗಂಡನ ಮೋಟುತೋಳು ಕಂಡು ಹೆದರಿ ಬಾಗಿಲ ಹಿಂದೆ ಅಡಗಿದಳು, ಪಾಪ! ಶಿವವ್ವನೇ ಹುಗ್ಗಿಯ ತಾಟು ಹಿಡಿದು ವೀರಪ್ಪನ ಎದುರು ಕೂತಳು. ಅವನು ಬಾಯಿ ತೆರೆಯಲಿಲ್ಲ. ಕಣ್ಣೀರು ಗದ್ದಕ್ಕಿಳಿಯಿತು. ಒರೆಸಿಕೊಳ್ಳಲು ಅವನಿಗೆ ಕೈಯೆಲ್ಲಿ? ಅದನ್ನೂ ಅವಳೇ ಸೆರಗಿನಿಂದ ಒರೆಸಿದಳು.

"ಶಿವವ್ವಾ… ನಾ ಪಾಪಿ ಅದೀನಿ. ಬೈ ನನಗ. ಒಂದ್ ಏಟ ಹೊಡಿ. ಹಿಂಗ ಸುಮ್ಮ ಕುಂದ್ರಬ್ಯಾಡ!"

"ನಿಮ್ಮ ಕೈಲೆ ನಿಮ್ಮನ್ನ ಹ್ಯಾಂಗ ಹೊಡೀಲ್ರಿ?" ಎಂದಳು ಶಿವವ್ವ. "ಬಾಯಿ ತಗೀರಿ. ಹುಗ್ಗಿ ಆರಾಕತ್ತೈತಿ."

ವೀರಪ್ಪ ಬಾಯಿ ತೆರೆದ.