ಚಿಕ್ಕಪ್ಪನ ತಲೆಯಿದ್ದ ಜಾಗ

ಮನೆಯ ಸಾವಿನ ವಿಷಯ ಹೊರಗೆ ಹೇಳುವುದು ತಪ್ಪೇನೋ, ಹಿರಿಯರು ಕ್ಷಮಿಸಬೇಕು.

೧೯೯೪ರ ಬೇಸಿಗೆ. ಪಾಂಡವಪುರದ ನಮ್ಮ ಮನೆಯ ಅಟ್ಟದಿಂದ ಬಿದ್ದು ಶಾಮಣ್ಣ ಚಿಕ್ಕಪ್ಪ ತೀರಿಕೊಂಡರು. ನಾನು ಕೆಲಸದಿಂದ ಓಡಿ ಬರುವಷ್ಟರಲ್ಲಿ ಪೊಲೀಸರು ಹೆಣ ಸಾಗಿಸಿದ್ದರು. ನಡುಮನೆಯ ತುಂಬ ರಕ್ತ. ಬಾಣಂತಿ ಹೆಂಡತಿ ಅಪರ್ಣ ಕೂಸನ್ನು ಎತ್ತಿಕೊಂಡು ಪಕ್ಕದ ಮನೆಯ ಜಗಲಿಯಲ್ಲಿ ಕೂತಿದ್ದಳು. ಸೂತಕವೆಂದು ಅವರು ಒಳಗೆ ಕರೆಯಲಿಲ್ಲ.

ತೊಳೆಯಲು ಯಾರೂ ಒಪ್ಪದಿದ್ದಾಗ ಬಂದವನು ಊರಿನ ಕೂಲಿಯಾಳು ತಮ್ಮಯ್ಯ. ಇಬ್ಬರೂ ಸೇರಿ ನೀರು, ಗಂಜಲ ಹಾಕಿ ಉಜ್ಜಿದೆವು.

"ತಲೆ ಇದ್ದ ಕಡೆ ದೀಪ ಇಕ್ಬೇಕಲ್ಲ ಸೋಮಿ, ಗುರುತು ಮಾಡ್ಕಂಡಿದ್ರಾ?" ಎಂದ ತಮ್ಮಯ್ಯ.

ನಾನು ಮಾಡಿಕೊಂಡಿರಲಿಲ್ಲ. ಅಂದಾಜಿನ ಮೇಲೆ ಅಟ್ಟದ ಕೆಳಗೆ ದೀಪ ಹಚ್ಚಿದೆ.

ನೆಲವೆಲ್ಲ ಒಣಗಿತು. ಹೊಸ್ತಿಲ ಬಳಿ ಮಾತ್ರ ತಲೆಯಷ್ಟಗಲ ಒದ್ದೆ ಉಳಿಯಿತು. ಮುಟ್ಟಿದರೆ ಬೆಚ್ಚಗಿತ್ತು.

"ಅಂಗಾರೆ ಅಲ್ಲೇ ಇಕ್ಬುಡಿ," ಎಂದ ತಮ್ಮಯ್ಯ.

ದೀಪವನ್ನು ಅಲ್ಲಿಗೆ ಸರಿಸಿದೆ. ಹೊಸ್ತಿಲು ಒಣಗಿ, ಕಂಬದ ಬುಡ ಒದ್ದೆಯಾಯಿತು. ಕಂಬದ ಬಳಿಗೆ ಒಯ್ದೆ. ಅದೂ ಒಣಗಿತು; ಒದ್ದೆ ಈ ಸಲ ಎಲ್ಲಿಗೆ ಸರಿಯಿತೋ ಕಾಣಲಿಲ್ಲ. ತಮ್ಮಯ್ಯ ಬಕೆಟ್ಟು ಎತ್ತಿಕೊಂಡ.

"ನನ್ ಕೈಲಿ ಆಗೋದು ಇಷ್ಟೇಯ," ಎಂದು ಹೊರಟುಹೋದ.

ಸಂಜೆ ಅಪರ್ಣ ಒಳಗೆ ಬಂದು ಕೂಸನ್ನು ತೊಟ್ಟಿಲಲ್ಲಿ ಮಲಗಿಸಿದಳು.

"ರೀ, ಇಲ್ಲಿ ಬಿಸಿನೀರು ಚೆಲ್ಲಿದ್ದು ಯಾರು?"

ಒದ್ದೆ ತೊಟ್ಟಿಲ ಕೆಳಗಿತ್ತು. ಸತ್ತವರ ದೀಪವನ್ನು ನನ್ನ ಕೂಸಿನ ಕೆಳಗಿಡಲು ಕೈ ಬರಲಿಲ್ಲ. ಕೂಸನ್ನೆತ್ತಿಕೊಂಡು ಆಗಲೇ ಶ್ರೀರಂಗಪಟ್ಟಣದ ಬಸ್ಸು ಹತ್ತಿದೆವು. ಮತ್ತೆ ಆ ಮನೆಗೆ ಕಾಲಿಡಲಿಲ್ಲ.

ಹೆಣ ಎತ್ತಿದವರನ್ನು ಆಮೇಲೆ ಕೇಳಿದೆ. ಒಬ್ಬೊಬ್ಬರು ಒಂದೊಂದು ಜಾಗ ಹೇಳಿದರು. ಚಿಕ್ಕಪ್ಪನ ತಲೆ ಎಲ್ಲಿತ್ತೆಂದು ನನಗೆ ಇಂದಿಗೂ ಗೊತ್ತಿಲ್ಲ.