ಎರಡನೆಯ ಹನಿ

"ನಿಂದರ್ರಿ! ಕೈ ತೆಗೀರಿ!"

ಬಾಗಿಲ ಕಡೆಯಿಂದ ಬಂದ ಆ ದನಿಗೆ ಮನೀಷಾಳ ಕೈಯಲ್ಲಿದ್ದ ಕಣ್ಣಿನ ಹನಿಯ ಬಾಟಲಿ ಗಾಳಿಯಲ್ಲೇ ನಿಂತಿತು.

ತಲೆ ಎತ್ತುವಷ್ಟರಲ್ಲಿ, ಹೆಗಲಿಗೆ ಚೀಲ ಹಾಕಿಕೊಂಡ ಯುವಕನೊಬ್ಬ ಬೆಂಚುಗಳ ನಡುವೆ ಓಡಿ ಬಂದು ಅವಳ ಮಣಿಕಟ್ಟು ಹಿಡಿದಿದ್ದ. ಬೆವರಿದ ಮುಖ. ಏದುಸಿರು. ಆ ಕಣ್ಣುಗಳಲ್ಲಿ ಎಂಥ ಸಿಟ್ಟು!

ಅಫಜಲಪುರದ ಶಾಲೆಯೊಂದರಲ್ಲಿ ಅಂದು ಕಣ್ಣಿನ ತಪಾಸಣೆ ಶಿಬಿರ. ಪಾಪೆ ಅಗಲವಾಗಲೆಂದು ಸಾಲಿನಲ್ಲಿ ಬಂದವರಿಗೆ ಹನಿ ಹಾಕುವುದು ಮನೀಷಾಳ ಕೆಲಸ. ನೇತ್ರ ಸಹಾಯಕಿ ಕೋರ್ಸಿನ ಕೊನೆಯ ವರ್ಷದ ವಿದ್ಯಾರ್ಥಿನಿ ಅವಳು. ಎದುರಿನ ಬೆಂಚಿನಲ್ಲಿ ಎಲ್ಲರಿಗಿಂತ ಮೊದಲು ಬಂದು ಕುಳಿತಿದ್ದವಳು ಮಣ್ಣೂರಿನ ಮುದುಕಿ ಚಾಂದಬೀ.

ಅವನು ಮಾತಾಡದೆ ಟಾರ್ಚ್ ತೆಗೆದು, ಚಾಂದಬೀಯ ಕಿವಿಯ ಪಕ್ಕದಿಂದ ಅಡ್ಡಲಾಗಿ ಬೆಳಕು ಬಿಟ್ಟ. ಕಪ್ಪುಗುಡ್ಡೆಯ ಅರ್ಧ ಮಾತ್ರ ಬೆಳಗಿತು. ಮೂಗಿನ ಕಡೆಯ ಅರ್ಧ ನೆರಳಲ್ಲೇ ಉಳಿಯಿತು.

ಮನೀಷಾ ಬಗ್ಗಿ ಆ ನೆರಳನ್ನು ನೋಡಿದಳು.

'ನೆರಳು ಬಿದ್ದರೆ ಕಣ್ಣಿನ ಮುಂಭಾಗದ ಕೋಣೆ ಇಕ್ಕಟ್ಟಾಗಿದೆ ಎಂದರ್ಥ. ಅಂಥ ಕಣ್ಣಿಗೆ ಪಾಪೆ ಅಗಲಿಸುವ ಹನಿ ಹಾಕಿದರೆ ನೀರು ಹೊರಹೋಗುವ ದಾರಿ ಮುಚ್ಚಿ, ಒತ್ತಡ ಏರಬಹುದು...' ಪುಸ್ತಕದ ಆ ಪುಟ ಕಣ್ಣ ಮುಂದೆ ಬಂತು. ನೂರು ಸಲ ಓದಿದ್ದಳು!

"ಎಷ್ಟು ಹನಿ ಹಾಕೀರಿ?"

"ಎಡಗಣ್ಣಿಗೆ ಇನ್ನೂ ಹಾಕಿಲ್ರಿ. ಬಲಗಣ್ಣಿಗೆ... ಎರಡು."

"ಎರಡು ಯಾಕ?"

"ಮೊದಲಿಂದು ಬಿತ್ತೋ ಇಲ್ಲೋ ಅಂತ..."

ಅದು ಅವಳ ಹುಟ್ಟುಗುಣ. ಮನೆಗೆ ಕೀಲಿ ಹಾಕಿ ಓಣಿ ದಾಟಿದ ಮೇಲೂ ಹಿಂದಿರುಗಿ ಬಂದು ಬಾಗಿಲು ಜಗ್ಗಿ ನೋಡುವವಳು. ಹಗಲು ಬಟ್ಟೆ ಅಂಗಡಿಯಲ್ಲಿ ದುಡಿದು, ಸಂಜೆ ಕಾಲೇಜಿನಲ್ಲಿ ಪಿಯುಸಿ ಮುಗಿಸಿದಾಗ, ಪಾಸಾಗಿದ್ದು ತಾನೇ ಹೌದೋ ಅಲ್ಲವೋ ಎಂದು ನಂಬರನ್ನು ಮೂರು ದಿನ ನೋಡಿದ್ದಳು.

"ಟಾರ್ಚ್ ಹಿಡಿದು ನೋಡಿದ್ರೇನು?"

"ಹಣೆಗೆ ಪಟ್ಟಿ ಇತ್ತಲ್ರಿ..."

ಟಾರ್ಚ್ ಟೇಬಲಿನಲ್ಲಿ ನೋಡಿ, ಹನಿ ಹಾಕಬಹುದೆಂದು ಖಾತ್ರಿಯಾದವರ ಹಣೆಗಷ್ಟೇ ಬಿಳಿ ಅಂಟುಪಟ್ಟಿಯ ತುಂಡು ಹಚ್ಚುವುದು ಶಿಬಿರದ ಪದ್ಧತಿ. ಚಾಂದಬೀಯ ಹಣೆಯ ಮೇಲೆ ಪಟ್ಟಿ ಇತ್ತು. ಆದರೆ ಟಾರ್ಚ್ ಟೇಬಲಿನ ಕುರ್ಚಿ ಬೆಳಗಿನಿಂದ ಖಾಲಿಯಿತ್ತು. ಅದನ್ನು ಮನೀಷಾ ಈಗಷ್ಟೇ ನೋಡಿದಳು.

ಅವನೂ ಆ ಕುರ್ಚಿಯ ಕಡೆ ನೋಡಿದ. ಮುಖ ಬಿಳುಚಿಕೊಂಡಿತು.

"ಪಟ್ಟಿ ನೋಡಿ ಹಾಕಿದ್ರೇನು? ಕಣ್ಣು ರೀ ಇದು! ಕಣ್ಣು!"

ಸಾಲಿನಲ್ಲಿದ್ದ ನಲವತ್ತು ಮಂದಿ ಅವಳನ್ನೇ ನೋಡಿದರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ಅವಳಿಗೆ.

ದೊಡ್ಡ ಡಾಕ್ಟರ್ ಗೌಸಿಯಾಬೇಗಂ ಬಂದು ನೋಡಿದರು. ಚಾಂದಬೀಯನ್ನು ಮನೆಗೆ ಕಳಿಸದೆ ಎದುರಿಗೇ ಕೂರಿಸಿಕೊಂಡು, ಗಳಿಗೆಗೊಮ್ಮೆ ಕಣ್ಣಿನ ಒತ್ತಡ ನೋಡುತ್ತಿದ್ದರು. ಮಧ್ಯಾಹ್ನ ಮೂರರ ಹೊತ್ತಿಗೆ ಮುದುಕಿ ಹಣೆ ಹಿಡಿದುಕೊಂಡಳು.

"ಯಾ ಅಲ್ಲಾ... ಅರ್ಧ ತಲಿ ಸಿಡಿಯಾಕತ್ತದ!"

ವಾಂತಿಯಾಯಿತು. ಬಲಗಣ್ಣು ಕೆಂಪಾಯಿತು, ಗಾಜಿಗೆ ಉಗಿ ಹಿಡಿದಂತೆ ಮಂಜಾಯಿತು. ಡಾಕ್ಟರ್ ಕೂಡಲೇ ಮಾತ್ರೆ ನುಂಗಿಸಿ, ಒತ್ತಡ ಇಳಿಸುವ ಹನಿ ಹಾಕಿ, ಕಲಬುರಗಿಗೆ ಕರೆದೊಯ್ಯಲು ಗಾಡಿ ಹತ್ತಿಸಿದರು.

ಗಾಡಿ ಹೊರಡುವ ಮುನ್ನ ಅವನು ಶಿಬಿರದ ರಿಜಿಸ್ಟರಿನಲ್ಲಿ ಏನೋ ಬರೆದ. ಓದಿದ ಡಾಕ್ಟರ್ ತಲೆ ಎತ್ತಿ ಮನೀಷಾಳ ಕಡೆ ಒಮ್ಮೆ ನೋಡಿದರು.

'ನನ್ನ ಹೆಸರು ಬರೆದ... ಬರೀಲಿ! ತಪ್ಪು ನಂದೇ ಅಲ್ಲೇನು?'

ಅವನ ಹೆಸರು ಮಿಲಿಂದ, ಜೇವರ್ಗಿಯ ಕಡೆ ನೇತ್ರ ಸಹಾಯಕನಾಗಿ ನಾಲ್ಕು ವರ್ಷದಿಂದ ಕೆಲಸ ಮಾಡುತ್ತಿದ್ದಾನೆ ಎಂಬುದು ಅವಳಿಗೆ ಆಮೇಲೆ ತಿಳಿಯಿತು.

* * *

ಆಳಂದದ ಮನೀಷಾಳ ಎರಡು ಖೋಲಿಯ ಮನೆಯಲ್ಲಿ ಸಂಜೆಯ ಓದಿನ ದನಿ ನಿಂತು ಇಪ್ಪತ್ತೈದು ದಿನಗಳಾಗಿದ್ದವು.

ಮೊದಲೆಲ್ಲ ಹಾಗಿರಲಿಲ್ಲ. ಅಜ್ಜಿ ಭಾಗೀರಥಿಬಾಯಿ ಜೋಳ ಹಸನು ಮಾಡುತ್ತ ಕೂರುತ್ತಿದ್ದಳು. ಮನೀಷಾ ಗಟ್ಟಿಯಾಗಿ ಓದುತ್ತಿದ್ದಳು. ಕಣ್ಣಿನ ಪೊರೆ, ಇರುಳುಗಣ್ಣು, ಕಪ್ಪುಗುಡ್ಡೆಯ ಹುಣ್ಣು... ಒಂದನ್ನೂ ಬಿಡದೆ ಕೇಳಿ ಕೇಳಿ ಅಜ್ಜಿಗೂ ಅರ್ಧ ಪುಸ್ತಕ ಬಾಯಿಪಾಠವಾಗಿತ್ತು.

"ಕೆಂಪುಗಣ್ಣು ಬಂತು, ಏನ್ ನೋಡ್ಬೇಕು ಹೇಳ್ ಬೇ," ಎಂದಳು ಅಜ್ಜಿ ಅಂದು, ತಾನಾಗಿಯೇ.

ಮನೀಷಾ ಪುಸ್ತಕವನ್ನು ಆಚೆ ಸರಿಸಿದಳು.

"ನಾನೇ ಹೇಳ್ತೇನಿ ತಗೋ. ಪಿಚ್ಚು ಬಂದು ರೆಪ್ಪಿ ಅಂಟಿ, ದೃಷ್ಟಿ ನೆಟ್ಟಗಿದ್ರ ಅದು ಕಣ್ಣಬ್ಯಾನಿ. ನೋವಿದ್ದು, ಕಣ್ಣಪಾಪಿ ಸಣ್ಣದಾಗಿದ್ರ ಒಳಗಿನ ಉರಿ. ಪಾಪಿ ದೊಡ್ಡದಾಗಿ, ಗುಡ್ಡಿ ಕಲ್ಲಿನಂಗಾಗಿದ್ರ..."

"ಸಾಕ್ ಆಯಿ!"

ಮನೀಷಾ ಮುಖ ಮುಚ್ಚಿಕೊಂಡಳು. ಪ್ರಾಯೋಗಿಕ ಪರೀಕ್ಷೆಗೆ ಉಳಿದಿದ್ದುದು ಹನ್ನೆರಡು ದಿನ. ಹೋಗದಿದ್ದರೆ ವರ್ಷವೇ ಹಾಳು. ಅಂಗಡಿಯಲ್ಲಿ ನಿಂತು ನಿಂತು ಕಾಲು ಬಾತರೂ ಬಿಡದೆ ಓದಿದ್ದೆಲ್ಲ ವ್ಯರ್ಥ.

"ನಾನು ಪರೀಕ್ಷಾಕ ಹೋಗಂಗಿಲ್ಲ ಆಯಿ. ನನ್ನ ಕೈ ಮ್ಯಾಲೆ ನನಗ ನಂಬಿಕಿ ಇಲ್ಲ. ಯಾರ ಕಣ್ಣಿಗೂ ನಾನು ಇನ್ನ ಹನಿ ಹಾಕಂಗಿಲ್ಲ."

ಅಜ್ಜಿ ಮೊರ ಕೆಳಗಿಟ್ಟಳು.

"ಆ ಮುದುಕಿ ಕಣ್ಣು ಈಗ ಹ್ಯಾಂಗದ?"

"...ಗೊತ್ತಿಲ್ಲ."

"ಗೊತ್ತಿಲ್ಲ? ಒಂದು ಸಲನೂ ಹೋಗಿ ನೋಡಿಲ್ಲ? ಇಲ್ಲಿ ಕುಂತು ಅಳಾಕತ್ತೀಯಲ್ಲ, ಇದು ಯಾರ ಸಲುವಾಗಿ? ಆಕಿ ಸಲುವಾಗೋ, ನಿನ್ನ ಸಲುವಾಗೋ?"

ಮಾತು ಮುಳ್ಳಿನಂತೆ ನಾಟಿತು. ಮರುದಿನ ಭಾನುವಾರ. ಬೆಳಗಿನ ಬಸ್ಸಿಗೇ ಮನೀಷಾ ಹೊರಟಳು.

* * *

ಮಣ್ಣೂರಿನಲ್ಲಿ ಚಾಂದಬೀಯ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬಾಗಿಲಲ್ಲಿ ಕೌದಿ ಹೊಲಿಯುತ್ತ ಕುಳಿತಿದ್ದ ಮುದುಕಿ, ಸೂಜಿ ಹಿಡಿದ ಕೈಯನ್ನೇ ಕಣ್ಣಿಗೆ ಮರೆಯಾಗಿಸಿ ನೋಡಿದಳು.

"ಯಾರ್ ಬೇ?"

"ನಾನ್ರಿ ಅಮ್ಮಾ... ಹನಿ ಹಾಕಿದಾಕಿ."

ಬೈಯುತ್ತಾಳೆ ಎಂದುಕೊಂಡಳು ಮನೀಷಾ. ಬೈದರೆ ಒಳ್ಳೆಯದೆಂದೂ ಅನ್ನಿಸಿತು.

"ಅಯ್ಯ, ನೀನಾ ಬೇಟಿ! ಬಿಸಲಾಗ ನಿಂತೀಯಲ್ಲ, ಒಳಗ ಬಾ!"

ಆ ಪ್ರೀತಿಗೇ ಮನೀಷಾಳ ಕಣ್ಣು ತುಂಬಿತು.

"ಕಣ್ಣು ಹ್ಯಾಂಗದ್ರಿ?"

"ಎಡದ್ದು ಚಲೋ ಅದ. ಬಲದ್ದು ನಡುವ ಕಾಣ್ತದ, ಅಂಚಿನ್ಯಾಗ ಸ್ವಲ್ಪ ಮಬ್ಬು. ಅದು ಇನ್ನ ಹೋಗಂಗಿಲ್ಲ ಅಂದ್ರು ಡಾಕ್ಟರಮ್ಮ. ಎರಡೂ ಕಣ್ಣಿಗಿ ಅದೇನೋ ಲೇಸರ್ ಲೈಟಿನಿಂದ ಸಣ್ಣ ತೂತು ಮಾಡ್ಯಾರ. ಇನ್ನ ಹಂಗ ಬ್ಯಾನಿ ಬರಂಗಿಲ್ಲಂತ."

ಹೋಗುವುದಿಲ್ಲ... ಆ ಮಬ್ಬು ಇನ್ನು ಈ ಜೀವ ಇರುವತನಕ. ಮನೀಷಾ ತಲೆ ತಗ್ಗಿಸಿ ಕುಳಿತಳು.

ಗೋಡೆಯ ಮೇಲಿನ ಕ್ಯಾಲೆಂಡರ್ ಕಣ್ಣಿಗೆ ಬಿದ್ದಿದ್ದು ಆಗಲೇ. ಪ್ರತಿ ದಿನದ ಅಂಕಿಯ ಕೆಳಗೆ ಎರಡು ಚೌಕ. ಒಂದರಲ್ಲಿ ಸೂರ್ಯ, ಇನ್ನೊಂದರಲ್ಲಿ ಚಂದ್ರ. ಓದಲು ಬಾರದವಳಿಗೂ ತಿಳಿಯುವಂತೆ, ಹನಿ ಹಾಕಿದ ಮೇಲೆ ಗೀಟು ಹಾಕಲು.

"ಇದನ್ನ ಯಾರು ಬರದ್ರು?"

"ನಮ್ಮ ಮಿಲಿಂದ. ಐತವಾರಕ್ಕೊಮ್ಮಿ ಜೇವರ್ಗಿಯಿಂದ ಬರ್ತಾನ. ನಾನು ಗೀಟು ಹಾಕೀನೋ ಇಲ್ಲೋ ಎಣಸ್ತಾನ, ಮಾಸ್ತರನಂಗ! 'ತಪ್ಪು ನಂದೈತಿ ಅಮ್ಮಾ, ಆ ಹುಡುಗೀದಲ್ಲ' ಅಂತ ಬಂದಾಗೆಲ್ಲ ಒಂದೇ ರಾಗ."

ಮನೀಷಾ ದಿಗ್ಗನೆ ತಲೆ ಎತ್ತಿದಳು.

"ಅವರ ತಪ್ಪು? ಅದ್ಹ್ಯಾಂಗ್ರಿ?"

"ಅವನನ್ನೇ ಕೇಳು. ಬಂದ ನೋಡು ಸಾಹೇಬ!"

ಬಾಗಿಲಲ್ಲಿ ಮಿಲಿಂದ ನಿಂತಿದ್ದ. ಅದೇ ಚೀಲ, ಅದೇ ಬೆವರು. ಅವಳನ್ನು ಕಂಡು ಹೆಜ್ಜೆ ಅಲ್ಲೇ ತಡೆದ.

"ನೀವು..."

"ರಿಜಿಸ್ಟರಿನ್ಯಾಗ ಏನ್ ಬರದ್ರಿ ಅವತ್ತು?" ಮನೀಷಾ ಕೇಳಿಯೇಬಿಟ್ಟಳು.

ಮಿಲಿಂದ ಚೀಲ ಇಳಿಸಿ, ಹೊಸ್ತಿಲ ಹೊರಗೇ ಕುಳಿತ.

"'ಟಾರ್ಚ್ ಪರೀಕ್ಷೆ ಆಗಿಲ್ಲ. ಹೊಣೆ ಮಿಲಿಂದ' ಅಂತ ಬರದೆ. ಆ ಖಾಲಿ ಕುರ್ಚಿ ನಂದ್ರಿ."

"ಅಂದ್ರ..."

"ಅವತ್ತು ಮೊದಲ ಬಸ್ಸು ತುಂಬಿ ಬಂದಿತ್ತು. ನಿಂತು ಹೋಗೂದು ಬ್ಯಾಡ, ಹಿಂದ ಬರೂ ಬಸ್ಸಿಗಿ ಕುಂತು ಹೋದ್ರಾತು ಅಂದ್ಕೊಂಡೆ. ಇಷ್ಟೇ ರೀ. ಕುಂತು ಬರೂ ಸುಖಕ್ಕ ಒಂದು ತಾಸು ತಡ ಮಾಡ್ದೆ. ಒಳಗ ಬಂದ ಕೂಡ್ಲೇ ನಿಮ್ಮ ಕೈಯಾಗ ಬಾಟಲಿ, ಈ ಅಮ್ಮನ ಸಣ್ಣ ಕಣ್ಣು ನೋಡಿ ಜೀವ ಹಾರಿತು, ಇಂಥ ಕಣ್ಣಾಗೇ ಕೋಣಿ ಇಕ್ಕಟ್ಟಿರ್ತದ. ನನ್ನ ಮ್ಯಾಲಿನ ಸಿಟ್ಟು ನಿಮ್ಮ ಮ್ಯಾಲೆ ಹಾಕ್ದೆ. ಅಷ್ಟು ಮಂದ್ಯಾಗ..."



"ಆದ್ರ ಎರಡನೇ ಹನಿ ಹಾಕಿದ್ದು ನಾನು!"

"ಒಂದೇ ಹನಿ ಬಿದ್ದಿದ್ರೂ ಆ ಕಣ್ಣಿಗಿ ಹಂಗ ಆಗಬಹುದಿತ್ತು. ಡಾಕ್ಟರ್ ಮೇಡಂ ಅವರೇ ಹೇಳ್ಯಾರ. ನಿಮಗ ತಿಳಿಸ್ಬೇಕಂತ ಎರಡು ಸಲ ಆಳಂದ ಬಸ್ ಸ್ಟ್ಯಾಂಡತನಕ ಬಂದೀನಿ... ಮನಿತನಕ ಬರಾಕ ಮುಖ ಇರಲಿಲ್ಲ."

ಇಪ್ಪತ್ತೈದು ದಿನ! ತನ್ನ ಮೇಲೆ ದೂರು ಬರೆದನೆಂದುಕೊಂಡವನು ತನ್ನ ಪಾಲಿನ ಭಾರವನ್ನೂ ಹೊತ್ತು ತಿರುಗಿದ್ದನೇ?

"ಮತ್ತ ಆ ಪಟ್ಟಿ? ಪಟ್ಟಿ ಯಾರು ಹಚ್ಚಿದ್ರು?"

ಮಿಲಿಂದ ಗೊತ್ತಿಲ್ಲವೆಂದು ತಲೆಯಾಡಿಸಿದ.

ಆಗ ಚಾಂದಬೀ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಸಣ್ಣಗೆ ಕೆಮ್ಮಿದಳು.

"ಅದು... ನಾನೇ ಹಚ್ಚಿಕೊಂಡೆ."

"ಏನಂದ್ರಿ?" ಇಬ್ಬರೂ ಒಟ್ಟಿಗೇ ಕೂಗಿದರು.

"ಹೋದ ವರ್ಷ ಹಣಿಗಿ ಪಟ್ಟಿ ಇಲ್ಲಂತ ನನ್ನನ್ನ ಸಾಲಿನಿಂದ ಹಿಂದ ಕಳಿಸಿದ್ರಪ್ಪ. ಈ ಸಲ ಖಾಲಿ ಟೇಬಲ್ ಮ್ಯಾಲೆ ಪಟ್ಟಿ ಸುರುಳಿ ಬಿದ್ದಿತ್ತು. ಒಂದು ತುಂಡು ಹರಕೊಂಡೆ... ಹೇಳಿದ್ರ ಇನ್ನ ಔಷಧ ಕೊಡಂಗಿಲ್ಲೇನೋ ಅಂತ ಅಂಜಿಕಿ. ಇವನು ಬಂದು ಬಂದು ತಪ್ಪು ನಂದು ಅಂದಾಗೆಲ್ಲ ಎದಿ ಚುರ್ ಅಂತಿತ್ತು."

ಯಾರೂ ನಗಲಿಲ್ಲ. ಮನೀಷಾ ಹತ್ತಿರ ಸರಿದು ಆ ಸುಕ್ಕುಗಟ್ಟಿದ ಕೈ ಹಿಡಿದುಕೊಂಡಳು. ಹಿಂದೆ ಕಳಿಸಿದವರು ಯಾಕೆಂದು ಹೇಳಿ ಕಳಿಸಿದ್ದರೆ ಈಕೆ ಹೀಗೆ ಮಾಡುತ್ತಿದ್ದಳೇ? ಪಟ್ಟಿ ಕಂಡರೂ ತಾನೊಮ್ಮೆ ಟಾರ್ಚ್ ಹಿಡಿದಿದ್ದರೆ...

"ಅಮ್ಮಾ, ಪಟ್ಟಿ ಯಾತಕ್ಕಂತ ನಿಮಗ ತಿಳಿಸಿ ಹೇಳೂದು ನಮ್ಮ ಕೆಲಸ. ನಿಮ್ಮ ತಪ್ಪಲ್ಲ ಅದು."

"ಹಂಗಿದ್ರ ಅಳೂದು ಬಿಟ್ಟು ನನ್ನ ಹನಿ ಹಾಕು. ಹೊತ್ತಾಗ್ಯದ."

ಮನೀಷಾ ಹಿಂದೆ ಸರಿದಳು. "ನಾನ್ ಬ್ಯಾಡ್ರಿ! ಅವರು ಹಾಕ್ತಾರ..."

ಮಿಲಿಂದ ಬಾಟಲಿಯನ್ನು ಅವಳ ಮುಂದೆ ಹಿಡಿದ. "ನೀವೇ ಹಾಕ್ರಿ. ಹೆಸರು ಓದ್ರಿ ಮೊದಲು."

ಓದಿದಳು. ಒತ್ತಡ ಇಳಿಸುವ ಹನಿ. ತಾರೀಕು ನೋಡಿದಳು. ಯಾವ ಕಣ್ಣು ಎಂದು ಚೀಟಿ ನೋಡಿದಳು. ಬಲಗಣ್ಣು. ಕೈ ತೊಳೆದು, ಕೆಳರೆಪ್ಪೆ ಮೆಲ್ಲಗೆ ಜಗ್ಗಿದಳು.

ಒಂದು ಹನಿ.

ಚಾಂದಬೀ ಕಣ್ಣು ಮುಚ್ಚಿದಳು. ಔಷಧ ಮೂಗಿಗೆ ಇಳಿಯದಂತೆ ಮನೀಷಾ ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಒತ್ತಿ ಹಿಡಿದಳು. ಎದೆಯಲ್ಲಿದ್ದ ಅದೇ ಹಳೆಯ ಪ್ರಶ್ನೆ ಬಾಯಿಗೆ ಬಂತು.

"ಬಿತ್ತೋ... ಇಲ್ಲೋ?"

"ಬಿತ್ತು," ಎಂದ ಮಿಲಿಂದ. "ನಾನು ನೋಡೀನಿ."

ಎಷ್ಟು ಸಣ್ಣ ಮಾತು! ಆದರೆ ಇಷ್ಟು ವರ್ಷ ಅವಳಿಗೆ ಆ ಮಾತನ್ನು ಹೇಳಿದವರೇ ಇರಲಿಲ್ಲ. ಬಾಟಲಿಯ ಮುಚ್ಚಳ ಹಾಕಿದಳು. ಎರಡನೆಯ ಹನಿ ಹಾಕಲಿಲ್ಲ.

* * *

ಹನ್ನೊಂದು ದಿನ ಆಳಂದದ ಮನೆಯಲ್ಲಿ ಮತ್ತೆ ಓದಿನ ದನಿ ಕೇಳಿತು. ದಿನಾ ಸಂಜೆ ಆರಕ್ಕೆ ಜೇವರ್ಗಿಯಿಂದ ಮಿಲಿಂದನ ಫೋನು ಬರುತ್ತಿತ್ತು. ಪಾಠದ ಒಂದೇ ಒಂದು ಪ್ರಶ್ನೆ, ಅದರ ಉತ್ತರ, ಅಷ್ಟೇ. ಆ ಒಂದು ಪ್ರಶ್ನೆಗಾಗಿ ಮನೀಷಾ ಐದೂವರೆಗೇ ಮುಖ ತೊಳೆದು ಕೂರುವುದನ್ನು ಭಾಗೀರಥಿಬಾಯಿ ಕಂಡೂ ಕಾಣದಂತಿದ್ದಳು.

"ಫೋನಿನ್ಯಾಗ ಮುಖ ಕಾಣ್ತದೇನ್ ಬೇ?" ಎಂದು ಒಮ್ಮೆ ಮಾತ್ರ ಕೇಳಿದಳು.

ಪರೀಕ್ಷೆಯ ದಿನ ಕಲಬುರಗಿಯಲ್ಲಿ ಪರೀಕ್ಷಕರು ಕೇಳಿದರು, "ಪಾಪೆ ಅಗಲಿಸುವ ಹನಿ ಹಾಕುವ ಮೊದಲು ಏನು ಮಾಡುತ್ತೀರಿ?"

ಮನೀಷಾ ಒಂದು ಕ್ಷಣ ಕಣ್ಣು ಮುಚ್ಚಿದಳು.

"ಟಾರ್ಚ್ ಹಿಡಿದು ನಾನೇ ನೋಡುತ್ತೇನೆ ಸರ್. ಹಣೆಗೆ ಪಟ್ಟಿ ಇದ್ದರೂ ನೋಡುತ್ತೇನೆ. ಯಾಕೆ ನೋಡುತ್ತಿದ್ದೇನೆಂದು ಅವರಿಗೂ ಹೇಳುತ್ತೇನೆ."

ಪುಸ್ತಕದಲ್ಲಿ ಅಷ್ಟು ಇರಲಿಲ್ಲ. ಪರೀಕ್ಷಕರು ಕನ್ನಡಕ ಸರಿಮಾಡಿಕೊಂಡು ಅವಳನ್ನೊಮ್ಮೆ ನೋಡಿ, ಬರೆದುಕೊಂಡರು.

ಹೊರಗೆ ಬೇವಿನ ಮರದ ಕೆಳಗೆ ಮಿಲಿಂದ ನಿಂತಿದ್ದ.

"ಎಷ್ಟೊತ್ತಿಗಿ ಬಂದ್ರಿ?"

"ಮೊದಲ ಬಸ್ಸಿಗಿ. ನಿಂತೇ ಬಂದೆ."

ಅವನು ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತ.

"ಮನೀಷಾ... ಒಂದು ಮಾತು ಹೇಳ್ಬೇಕಿತ್ತು. ಪರೀಕ್ಷಾ ಮುಗೀಲಿ ಅಂತ ಕಾಯಾಕತ್ತಿದ್ದೆ. ಚಾಂದಬೀ ಅಮ್ಮನ ಕಣ್ಣಿನ ಮಬ್ಬು ನಾವಿಬ್ಬರೂ ಮರಿಯೂದಿಲ್ಲ, ಮರೀಬಾರದು. ಆದ್ರ ಅದನ್ನ ಒಬ್ಬರೇ ಹೊರೂದಕಿಂತ... ಜೋಡಿಯಾಗಿ ಹೊರೋಣೇನ್ರಿ? ನನಗ ನಿಮ್ಮ ಮ್ಯಾಲೆ ಜೀವ ಅದ."

ಮನೀಷಾ ಅವನನ್ನೇ ನೋಡಿದಳು. ಬೇವಿನ ಎಲೆಯೊಂದು ಇಬ್ಬರ ನಡುವೆ ಬಿತ್ತು.

ಅವನು ಗಾಬರಿಯಾದ. "ಕೇಳಿಸ್ತೋ ಇಲ್ಲೋ? ಇನ್ನೊಮ್ಮಿ ಹೇಳ್ಲೇನು?"

ಎಲ್ಲವನ್ನೂ ಎರಡೆರಡು ಸಲ ನೋಡುವ ಆ ಹುಡುಗಿ, ಒದ್ದೆಗಣ್ಣಲ್ಲೇ ನಕ್ಕು, ಹೌದೆಂದು ಮೆಲ್ಲಗೆ ತಲೆಯಾಡಿಸಿದಳು.

"ಬ್ಯಾಡ್ರಿ... ಬಿತ್ತು. ಒಂದೇ ಸಾಕು."